ಮನೆಯ ಕಂಪ್ಯೂಟರಿಗೆ ಒಪ್ಪುವ ಆಟ

ಒಂದು ಕಂಪ್ಯೂಟರಿನಲ್ಲಿ ಯಾವ ವಿಡಿಯೊ ಗೇಮ್ ನಡೆಯುತ್ತದೆ ಎಂಬುದನ್ನು ಅದರೊಳಗಿನ ನಾಲ್ಕು ಭಾಗಗಳು ತೀರ್ಮಾನಿಸುತ್ತವೆ: ಪ್ರೊಸೆಸರ್, ಗ್ರಾಫಿಕ್ಸ್ ಚಿಪ್, ರ‍್ಯಾಮ್, ಮತ್ತು ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿ. ರಾಯಚೂರು ನಗರ, ದೇವದುರ್ಗ, ಮಾನ್ವಿಯಂಥ ಊರುಗಳಲ್ಲಿ ಇವುಗಳ ಜೊತೆಗೆ ಇನ್ನೂ ಮೂರು ಸೇರುತ್ತವೆ: ಬಿಸಿಲು, ಕರೆಂಟು, ಇಂಟರ್ನೆಟ್ಟು. ಆಟ ಮಾರುವವರ ಪಟ್ಟಿಯಲ್ಲಿ ಬಿಸಿಲಿಗೂ ಕರೆಂಟಿಗೂ ಜಾಗವೇ ಇರುವುದಿಲ್ಲ. ಆದರೆ ಈ ಭಾಗದ ಮನೆಗಳಲ್ಲಿ ಕೊಂಡ ಆಟ ಉಪಯೋಗಕ್ಕೆ ಬರುವುದೂ ಮೂಲೆ ಸೇರುವುದೂ ಹೆಚ್ಚಾಗಿ ಅವುಗಳ ಮೇಲೆಯೇ ನಿಂತಿದೆ.

ಮೊದಲು ಮನೆಯ ಸಿಸ್ಟಂನಲ್ಲಿ ಏನಿದೆ ಎಂದು ತಿಳಿಯಬೇಕು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಪ್ರೊಸೆಸರಿನ ಹೆಸರು, ರ‍್ಯಾಮ್ ಎಷ್ಟು ಜಿಬಿ, ರ‍್ಯಾಮ್‌ನ ಎಷ್ಟು ಸ್ಲಾಟ್ ತುಂಬಿವೆ, ಗ್ರಾಫಿಕ್ಸ್ ಯಾವುದು ಎಂಬುದೆಲ್ಲ ಸಿಗುತ್ತದೆ. ಕಾಲೇಜಿನ ಓದಿಗೆ, ಅಂಗಡಿಯ ಟ್ಯಾಲಿ ಲೆಕ್ಕಕ್ಕೆ, ಆನ್‌ಲೈನ್ ಅರ್ಜಿ ತುಂಬಲಿಕ್ಕೆ ಎಂದು ಕೊಂಡ ಸಿಸ್ಟಂಗಳಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಸಾಮಾನ್ಯವಾಗಿ ಇರುವುದಿಲ್ಲ. ಪ್ರೊಸೆಸರಿನೊಳಗೇ ಕೂಡಿಸಿದ ಚಿಪ್ಪು ಚಿತ್ರ ಬಿಡಿಸುವ ಕೆಲಸವನ್ನೂ ನೋಡಿಕೊಳ್ಳುತ್ತದೆ. ಇಂಟೆಲ್‌ನ ಎಚ್‌ಡಿ 4000, ಯುಎಚ್‌ಡಿ 620, ಐರಿಸ್ ಎಕ್ಸ್‌ಇ ಎಂಬ ಹೆಸರು ಕಂಡರೆ, ಇಲ್ಲವೆ ಎಎಂಡಿ ರೈಜನ್ ಜೊತೆಗೆ ವೇಗಾ ಎಂದಿದ್ದರೆ, ಅದು ಈ ಜಾತಿಯದೇ.

ಇಂಥ ಚಿಪ್ಪಿಗೆ ತನ್ನದೇ ಆದ ಮೆಮೊರಿ ಇಲ್ಲ. ಸಿಸ್ಟಂನ ರ‍್ಯಾಮ್‌ನಲ್ಲೇ ಪಾಲು ಪಡೆಯುತ್ತದೆ. ಆದ್ದರಿಂದ ರ‍್ಯಾಮ್ ಎಷ್ಟಿದೆ ಎಂಬುದರಷ್ಟೇ ಅದನ್ನು ಹೇಗೆ ಹಾಕಿದೆ ಎಂಬುದೂ ಮುಖ್ಯ. 8 ಜಿಬಿಯ ಒಂದೇ ಸ್ಟಿಕ್ ಇದ್ದಾಗ ತಡವರಿಸುವ ಆಟ, ಅಂಥದೇ ಇನ್ನೊಂದನ್ನು ಪಕ್ಕದ ಸ್ಲಾಟಿಗೆ ಹಾಕಿದ ಮೇಲೆ ಸರಾಗವಾಗಿ ನಡೆಯುವುದುಂಟು. ಎರಡು ಸ್ಟಿಕ್ ಸೇರಿದರೆ ಮಾಹಿತಿ ಓಡಾಡುವ ದಾರಿ ಇಮ್ಮಡಿಯಾಗುತ್ತದೆ. ಕಡಿಮೆ ಖರ್ಚಿನಲ್ಲಿ ಆಗುವ ಇಷ್ಟು ದೊಡ್ಡ ಸುಧಾರಣೆ ಬೇರೊಂದಿಲ್ಲ.

ಪ್ರತಿ ಆಟಕ್ಕೂ ‘ಮಿನಿಮಮ್’ ಮತ್ತು ‘ರೆಕಮೆಂಡೆಡ್’ ಎಂದು ಎರಡು ಪಟ್ಟಿಗಳಿರುತ್ತವೆ. ಮಿನಿಮಮ್ ಎಂದರೆ ಆಟ ತೆರೆಯುತ್ತದೆ, ಹೇಗೋ ನಡೆಯುತ್ತದೆ ಎಂದಷ್ಟೇ. ಅನೇಕ ಆಟಗಳಲ್ಲಿ ಅದು ಸೆಕೆಂಡಿಗೆ 30 ಚಿತ್ರಗಳ ಲೆಕ್ಕ. 2020ರಲ್ಲಿ ಬಂದ ವ್ಯಾಲೊರಂಟ್‌ನ ತಯಾರಕರು ಈ ವಿಷಯದಲ್ಲಿ ಸ್ಪಷ್ಟವಾಗಿ ನಡೆದುಕೊಂಡರು: ಎಚ್‌ಡಿ 4000 ಚಿಪ್ಪಿನಲ್ಲಿ 30, ಜಿಟಿ 730 ಕಾರ್ಡಿನಲ್ಲಿ 60 ಎಂದು ಚಿತ್ರಗಳ ಸಂಖ್ಯೆಯನ್ನೇ ಬರೆದರು. ಗುರಿಯಿಟ್ಟು ಹೊಡೆಯುವ ಆಟಕ್ಕೆ 30 ಸಾಲದು. ಚದುರಂಗಕ್ಕೆ, ಊರು ಕಟ್ಟುವ ಆಟಕ್ಕೆ, ಬೇಸಾಯದ ಆಟಕ್ಕೆ 30 ಧಾರಾಳ. ಅದೇ ಸಿಸ್ಟಂ ಒಂದು ಬಗೆಯ ಆಟಕ್ಕೆ ಯೋಗ್ಯ, ಇನ್ನೊಂದಕ್ಕೆ ಅಲ್ಲ.

ಪರದೆಯ ಅಳತೆಯೂ ಇದರಲ್ಲಿ ಸೇರಿದೆ. ಹಳೆಯ ಲ್ಯಾಪ್‌ಟಾಪುಗಳ 1366 ಗುಣಿಸು 768 ಚುಕ್ಕೆಗಳ ಪರದೆಯಲ್ಲಿ ಒಟ್ಟು ಹತ್ತೂವರೆ ಲಕ್ಷ ಚುಕ್ಕೆಗಳಿರುತ್ತವೆ. 1920 ಗುಣಿಸು 1080ರ ಪರದೆಯಲ್ಲಿ ಸುಮಾರು ಇಪ್ಪತ್ತೊಂದು ಲಕ್ಷ. ಹೊಸ ದೊಡ್ಡ ಮಾನಿಟರ್ ತಂದು ಕೂಡಿಸಿದ ಮೇಲೆ ಮೊದಲು ಚೆನ್ನಾಗಿದ್ದ ಆಟ ಎಳೆದಾಡತೊಡಗಿದರೆ ಅಚ್ಚರಿಪಡಬೇಕಾಗಿಲ್ಲ, ಗ್ರಾಫಿಕ್ಸ್ ಚಿಪ್ಪಿನ ಹೊರೆ ಎರಡು ಪಟ್ಟಾಗಿರುತ್ತದೆ. ಆಟದ ಸೆಟ್ಟಿಂಗ್ಸ್‌ನಲ್ಲಿ ರೆಸಲ್ಯೂಷನ್ ಇಳಿಸುವುದೇ ಅದಕ್ಕೆ ಮದ್ದು.

ಒಂದೇ ಹೆಸರಿನ ಆಟ ಬೇರೆ ಬೇರೆ ತೂಕದಲ್ಲಿ ಸಿಗುವುದರಿಂದಲೂ ಜನ ಮೋಸ ಹೋಗುತ್ತಾರೆ. 2005ರಲ್ಲಿ ಕಂಪ್ಯೂಟರಿಗೆ ಬಂದ ಜಿಟಿಎ ಸ್ಯಾನ್ ಆಂಡ್ರಿಯಾಸ್ 256 ಎಂಬಿ ರ‍್ಯಾಮ್, 64 ಎಂಬಿ ಗ್ರಾಫಿಕ್ಸ್, 3.6 ಜಿಬಿ ಜಾಗದಲ್ಲಿ ತೃಪ್ತಿಪಡುತ್ತಿತ್ತು. ಅದೇ ಆಟದ 2021ರ ಡೆಫಿನಿಟಿವ್ ಆವೃತ್ತಿಗೆ ಕನಿಷ್ಠ 8 ಜಿಬಿ ರ‍್ಯಾಮ್, 2 ಜಿಬಿ ಗ್ರಾಫಿಕ್ಸ್ ಕಾರ್ಡ್, 45 ಜಿಬಿ ಜಾಗ ಬೇಕು. ಕೌಂಟರ್ ಸ್ಟ್ರೈಕ್ 1.6 ಆಡಿದವರು ಅದೇ ನೆನಪಿನಲ್ಲಿ ಕೌಂಟರ್ ಸ್ಟ್ರೈಕ್ 2 ಇಳಿಸಲು ಹೊರಟರೆ 85 ಜಿಬಿ ಖಾಲಿ ಮಾಡಿಕೊಳ್ಳಬೇಕಾಗುತ್ತದೆ. ಹೆಸರಿನ ಜೊತೆಗೆ ಬಿಡುಗಡೆಯಾದ ವರ್ಷವನ್ನೂ ನೋಡುವ ರೂಢಿ ಒಳ್ಳೆಯದು.

ಇನ್ನು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಉಷ್ಣಾಂಶ 40 ಡಿಗ್ರಿ ದಾಟುವುದು ವಾಡಿಕೆ. ಕಂಪ್ಯೂಟರಿನ ಫ್ಯಾನ್ ಚಿಪ್ಪನ್ನು ತಂಪು ಮಾಡುವುದು ಕೋಣೆಯ ಗಾಳಿಯಿಂದಲೇ. ಕೋಣೆ ಹತ್ತು ಡಿಗ್ರಿ ಏರಿದರೆ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. 95ರಿಂದ 100 ಡಿಗ್ರಿ ಮುಟ್ಟುತ್ತಿದ್ದಂತೆ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ವೇಗ ತಗ್ಗಿಸಿಕೊಳ್ಳುತ್ತದೆ. ಡಿಸೆಂಬರಿನ ರಾತ್ರಿ ಚೆನ್ನಾಗಿ ಓಡಿದ ಆಟ ಮೇ ತಿಂಗಳ ಮಧ್ಯಾಹ್ನ ಹ್ಯಾಂಗ್ ಆದಂತೆ ತೋರುವುದಕ್ಕೆ ಇದೇ ಕಾರಣ, ವೈರಸ್ ಅಲ್ಲ. ಮಿನಿಮಮ್ ಪಟ್ಟಿಗೆ ಸರಿಯಾಗಿ ತಾಗುವ ಸಿಸ್ಟಂ ಈ ಊರುಗಳಲ್ಲಿ ವರ್ಷದ ಕೆಲವು ತಿಂಗಳು ಆ ಮಟ್ಟದಿಂದ ಕೆಳಗೆ ಜಾರುತ್ತದೆ ಎಂದೇ ಲೆಕ್ಕ ಹಾಕಬೇಕು.

ಬಿಸಿಲಿನ ಜೊತೆಗೆ ಧೂಳು. ಎರೆಮಣ್ಣಿನ ಧೂಳು, ಹತ್ತಿಯ ಎಳೆ, ರೈಸ್ ಮಿಲ್ಲುಗಳ ಸುತ್ತಲಿನ ಓಣಿಗಳಲ್ಲಿ ಹೊಟ್ಟಿನ ಪುಡಿ, ಇವೆಲ್ಲ ಹೀಟ್‌ಸಿಂಕ್‌ನ ಸಂದುಗಳಲ್ಲಿ ಮೆತ್ತಿಕೊಂಡು ಗಾಳಿಯ ದಾರಿ ಕಟ್ಟುತ್ತವೆ. ಬೇಸಿಗೆಗೆ ಮುಂಚೆ ಒಮ್ಮೆ ಬ್ಲೋಯರ್ ಹಿಡಿಸಿ, ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿದರೆ ಹಳೆಯ ಸಿಸ್ಟಂ ಚೇತರಿಸಿಕೊಳ್ಳುತ್ತದೆ. ಬ್ಲೋಯರ್ ಹಿಡಿಯುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ತಡೆಯಬೇಕು. ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟು ಆಡಬಾರದು. ಆಟದೊಳಗೆ ಸೆಕೆಂಡಿಗೆ 40 ಅಥವಾ 60 ಚಿತ್ರ ಸಾಕು ಎಂದು ಮಿತಿ ಹಾಕುವ ಸೆಟ್ಟಿಂಗ್ ಇದ್ದರೆ ಬೇಸಿಗೆಯಲ್ಲಿ ಅದನ್ನು ಬಳಸಬೇಕು. ಚಿಪ್ಪಿಗೆ ಉಸಿರಾಡಲು ಬಿಡುವು ಸಿಗುತ್ತದೆ.

ಜಿಲ್ಲೆಯ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ 1985ರಿಂದ ನಾಡಿಗೆ ಬೆಳಕು ಕೊಡುತ್ತಿದ್ದರೂ ತಾಲ್ಲೂಕಿನ ಊರುಗಳಲ್ಲಿ ಕರೆಂಟ್ ಹೋಗುವುದು ತಪ್ಪಿಲ್ಲ. ಅಂಗಡಿಗಳಲ್ಲಿ ಸಿಗುವ 600 ವಿಎ ಯುಪಿಎಸ್ ಸುಮಾರು 360 ವ್ಯಾಟ್ ಹೊರೆ ತಡೆಯುತ್ತದೆ. 90 ವ್ಯಾಟ್ ಎಳೆಯುವ ಸಾಧಾರಣ ಸಿಸ್ಟಂಗೆ ಅದು ಸಾಕಷ್ಟು ಸಮಯ ಕೊಡುತ್ತದೆ; ಗ್ರಾಫಿಕ್ಸ್ ಕಾರ್ಡ್ ಸೇರಿ 300 ವ್ಯಾಟ್ ಎಳೆಯುವಾಗ ಆಟ ಉಳಿಸಿ ಶಟ್‌ಡೌನ್ ಮಾಡುವಷ್ಟು ನಿಮಿಷ ಸಿಕ್ಕರೆ ಪುಣ್ಯ. ಮನೆಯ ಇನ್ವರ್ಟರಿಗೆ ಕಂಪ್ಯೂಟರ್ ಜೋಡಿಸಿದವರು ಅದರಲ್ಲಿ ಯುಪಿಎಸ್ ಮೋಡ್ ಸ್ವಿಚ್ ಇದೆಯೇ ನೋಡಬೇಕು. ಅದನ್ನು ಹಾಕದಿದ್ದರೆ ಕರೆಂಟ್ ಬದಲಾಗುವ ಕ್ಷಣದಲ್ಲೇ ಸಿಸ್ಟಂ ರೀಸ್ಟಾರ್ಟ್ ಆಗಬಹುದು.

ಕರೆಂಟ್ ಹೋದಾಗ ಆಡುವವರು ಎಷ್ಟು ಕಳೆದುಕೊಳ್ಳುತ್ತಾರೆ ಎಂಬುದೂ ಆಯ್ಕೆಯ ಒಂದು ಅಳತೆ. 2016ರಲ್ಲಿ ಎರಿಕ್ ಬರೋನ್ ಎಂಬ ಒಬ್ಬನೇ ವ್ಯಕ್ತಿ ಮಾಡಿ ಮುಗಿಸಿದ ಸ್ಟಾರ್‌ಡ್ಯೂ ವ್ಯಾಲಿ ಬೇಸಾಯದ ಆಟ. 2 ಜಿಬಿ ರ‍್ಯಾಮ್, 500 ಎಂಬಿ ಜಾಗ ಸಾಕು. ಆಟದೊಳಗಿನ ರೈತ ರಾತ್ರಿ ಮಲಗಿದಾಗಲೇ ಅದು ಸೇವ್ ಆಗುತ್ತದೆ. ಅಲ್ಲಿನ ಒಂದು ದಿನ ನಮ್ಮ ಸುಮಾರು 14 ನಿಮಿಷ. ಅಂದರೆ ನಡುವೆ ಕರೆಂಟ್ ಹೋದರೆ ನಷ್ಟ ಹೆಚ್ಚೆಂದರೆ ಅಷ್ಟೇ. ವ್ಯಾಲೊರಂಟ್‌ನಂಥ ತಂಡದ ಆಟದಲ್ಲಿ ಪಂದ್ಯ ಅರ್ಧ ಗಂಟೆ ಮೀರುತ್ತದೆ, ನಡುವೆ ಬಿಟ್ಟುಹೋದವರಿಗೆ ದಂಡನೆ ಬೀಳುತ್ತದೆ, ಉಳಿದ ನಾಲ್ವರ ಆಟವೂ ಕೆಡುತ್ತದೆ. ಕರೆಂಟ್ ನಂಬಿಕೆಯಿಲ್ಲದ ಮನೆಗೆ ಅದು ಎಷ್ಟೇ ಚೆನ್ನಾಗಿದ್ದರೂ ಒಪ್ಪುವುದಿಲ್ಲ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದ್ದರೂ ರೂಟರ್ ಆರಿದರೆ ಪಂದ್ಯ ಹೋದಂತೆಯೇ.

ಬಿಲ್ಲಿನ ಮಾತೂ ಇದೆ. 300 ವ್ಯಾಟ್ ಸಿಸ್ಟಂನಲ್ಲಿ ದಿನಕ್ಕೆ ಮೂರು ಗಂಟೆ ಆಡಿದರೆ ತಿಂಗಳಿಗೆ 27 ಯೂನಿಟ್. 90 ವ್ಯಾಟ್‌ನದರಲ್ಲಿ ಎಂಟು. 2023ರಲ್ಲಿ ರಾಜ್ಯದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಜಾರಿಯಾದಾಗ ಉಚಿತ ಯೂನಿಟ್‌ಗಳನ್ನು ಆಯಾ ಮನೆಯ ಹಿಂದಿನ ವರ್ಷದ ಸರಾಸರಿ ಬಳಕೆಯ ಮೇಲೆ ಶೇ 10 ಸೇರಿಸಿ ನಿಗದಿ ಮಾಡಲಾಯಿತು. ಕಂಪ್ಯೂಟರೇ ಇಲ್ಲದಿದ್ದ ಕಾಲದ ಸರಾಸರಿಯ ಮೇಲೆ 27 ಯೂನಿಟ್ ಬಿದ್ದರೆ ಮಿತಿ ದಾಟಿದ ಯೂನಿಟ್‌ಗಳಿಗೆ ಹಣ ಕಟ್ಟಬೇಕಾಗುತ್ತದೆ, ಒಟ್ಟು ಬಳಕೆ 200 ದಾಟಿದರೆ ಪೂರ್ತಿ ಬಿಲ್ಲನ್ನೇ.

ಗ್ರಾಫಿಕ್ಸ್ ಕಾರ್ಡ್ ಹಾಕಿಸಬೇಕೆನ್ನುವವರು ಪೆಟ್ಟಿಗೆ ತೆರೆದು ನೋಡಿಯೇ ಹೊರಡಬೇಕು. ಕಚೇರಿಗಳಿಂದ ಬಂದ ಸೆಕೆಂಡ್ ಹ್ಯಾಂಡ್ ಸಣ್ಣ ಡೆಸ್ಕ್‌ಟಾಪುಗಳಲ್ಲಿ ಪವರ್ ಸಪ್ಲೈ 240 ವ್ಯಾಟ್ ಆಸುಪಾಸು ಇರುತ್ತದೆ, ಕಾರ್ಡ್ ಕೂರುವ ಜಾಗವೂ ಗಿಡ್ಡ. ಜಿಟಿಎಕ್ಸ್ 1650ರ ಕೆಲವು ಮಾದರಿಗಳು ಬೇರೆ ವೈರ್ ಬೇಡದೆ ಸ್ಲಾಟಿನ 75 ವ್ಯಾಟ್‌ನಲ್ಲೇ ನಡೆಯುತ್ತವೆ, ಗಿಡ್ಡ ಅಳತೆಯಲ್ಲೂ ಸಿಗುತ್ತವೆ. ಹೈದರಾಬಾದಿಗೋ ಬೆಂಗಳೂರಿನ ಎಸ್.ಪಿ. ರೋಡಿಗೋ ಹೋಗಿ ಹಳೆಯ ಕಾರ್ಡ್ ತರುವವರು ಅಂಗಡಿಯಲ್ಲೇ ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಹಾಕಿಸಿ ನೋಡಬೇಕು. ಹಳೆಯ ಚಿಪ್ಪಿಗೆ ಹೊಸ ಹೆಸರು ತುಂಬಿ ಮಾರುವ ನಕಲಿ ಕಾರ್ಡುಗಳನ್ನು ಅದು ಬಹುಮಟ್ಟಿಗೆ ಹಿಡಿದುಕೊಡುತ್ತದೆ. ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿಸಿದರೆ ಆಟ ತೆರೆಯುವ ಸಮಯ ತಗ್ಗುತ್ತದೆ, ಚಿತ್ರದ ವೇಗ ಏರುವುದಿಲ್ಲ. ಇನ್ನೂ ವಿಂಡೋಸ್ 7 ಇರುವ ಸಿಸ್ಟಂಗೆ 2024ರ ಜನವರಿಯಿಂದ, ಆಟಗಳನ್ನು ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನ ಬೆಂಬಲ ನಿಂತಿದೆ.

ಮಕ್ಕಳಿಗೆ ಆರಿಸುವಾಗ ಭಾಷೆಯನ್ನೂ ನೋಡಬೇಕು. ದೊಡ್ಡ ಆಟಗಳಲ್ಲಿ ಕನ್ನಡ ಇಲ್ಲವೆಂದೇ ಹೇಳಬೇಕು. ಸಂಭಾಷಣೆ ಓದಿ ಮುಂದುವರಿಯುವ ಆಟ ಕನ್ನಡ ಮಾಧ್ಯಮದ ಹತ್ತು ವರ್ಷದ ಮಗುವಿಗೆ ಬೇಸರ ತರುತ್ತದೆ. ಕಾರ್ ಓಟ, ಕ್ರಿಕೆಟ್, ಚದುರಂಗಕ್ಕೆ ಆ ತೊಡಕಿಲ್ಲ. ಜಿಟಿಎ ಸರಣಿ ಹದಿನೆಂಟರ ಆಸುಪಾಸು ತುಂಬಿದವರಿಗೆಂದು ಅಂತರರಾಷ್ಟ್ರೀಯ ವಯೋಮಾನ ಸೂಚಿಗಳು ಹೇಳುತ್ತವೆ, ಅದನ್ನು ಮನೆಯವರು ಗಂಭೀರವಾಗಿ ತೆಗೆದುಕೊಳ್ಳಬೇಕು. ಪುಟ್ಟ ಮಕ್ಕಳಿಗೆ ಜಿಕಾಂಪ್ರಿ, ಸೂಪರ್‌ಟಕ್ಸ್‌ಕಾರ್ಟ್ ಎಂಬ ಉಚಿತ ಆಟಗಳು ಸಾಧಾರಣ ಸಿಸ್ಟಂನಲ್ಲೂ ನಡೆಯುತ್ತವೆ. ಪೆನ್‌ಡ್ರೈವ್‌ನಲ್ಲಿ ಕೈಯಿಂದ ಕೈಗೆ ಬರುವ ಕ್ರ್ಯಾಕ್ ಮಾಡಿದ ಆಟಗಳ ಜೊತೆ ವೈರಸ್ ಬರುವ ಅಪಾಯ ಇದ್ದೇ ಇದೆ, ಮನೆಯ ಬ್ಯಾಂಕ್ ವ್ಯವಹಾರವೂ ಅದೇ ಕಂಪ್ಯೂಟರಿನಲ್ಲಿ ನಡೆಯುತ್ತಿದ್ದರೆ ಅದು ಸಣ್ಣ ಅಪಾಯವಲ್ಲ.

ಕೊನೆಯದು ಡೌನ್‌ಲೋಡ್. 2015ರಲ್ಲಿ ಕಂಪ್ಯೂಟರಿಗೆ ಬಂದಾಗ ಜಿಟಿಎ 5 ಕೇಳಿದ ಜಾಗ 65 ಜಿಬಿ. 30 ಎಂಬಿಪಿಎಸ್ ಫೈಬರ್ ಇರುವ ರಾಯಚೂರಿನ ಮನೆಯಲ್ಲಿ ಅಷ್ಟನ್ನು ಇಳಿಸಲು ಸುಮಾರು ಐದು ಗಂಟೆ. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕ್ ನಂಬಿದ ಹಳ್ಳಿಯ ಮನೆಯಲ್ಲಿ 33 ದಿನ. ಡೋಟಾ 2, ಕೌಂಟರ್ ಸ್ಟ್ರೈಕ್ 2ರಂಥ ಉಚಿತ ಆಟಗಳ ಫೋಲ್ಡರನ್ನು ಗೆಳೆಯರ ಸಿಸ್ಟಂನಿಂದ ಎಕ್ಸ್‌ಟರ್ನಲ್ ಡಿಸ್ಕಿಗೆ ತುಂಬಿಕೊಂಡು ಬಂದು ಹಾಕಿದರೆ ಸ್ಟೀಮ್ ಅದನ್ನು ಗುರುತಿಸಿ ಕೊರತೆಯಿದ್ದಷ್ಟನ್ನೇ ಇಳಿಸಿಕೊಳ್ಳುತ್ತದೆ; ಇಬ್ಬರೂ ಕೊಂಡಿರುವ ಆಟಕ್ಕೂ ಇದು ನಡೆಯುತ್ತದೆ. ಸ್ಟೀಮ್‌ನಲ್ಲಿ ಕೊಂಡ ಆಟ ಒಪ್ಪದಿದ್ದರೆ, ಕೊಂಡು 14 ದಿನ ಮೀರಿರದಿದ್ದರೆ ಮತ್ತು ಆಡಿದ್ದು ಎರಡು ಗಂಟೆಯೊಳಗಿದ್ದರೆ ಹಣ ಮರಳುತ್ತದೆ. ಆ ಎರಡು ಗಂಟೆಯಲ್ಲಿ ಅರ್ಧ ಗಂಟೆಯನ್ನಾದರೂ ಮಧ್ಯಾಹ್ನದ ಬಿಸಿಲಲ್ಲಿ ಆಡಿ ಪರೀಕ್ಷಿಸಬೇಕು. ಡೌನ್‌ಲೋಡ್ ಆಗುವ ಹೊತ್ತು ಆಟದ ಗಂಟೆಗಳಲ್ಲಿ ಸೇರುವುದಿಲ್ಲ, ಆದರೆ 14 ದಿನಗಳ ಎಣಿಕೆ ಕೊಂಡ ದಿನದಿಂದಲೇ ಶುರು. ದಿನಕ್ಕೆ 2 ಜಿಬಿಯವರಿಗೆ ಅಷ್ಟರಲ್ಲಿ ಇಳಿಯುವುದು 28 ಜಿಬಿ. ಅದಕ್ಕಿಂತ ದೊಡ್ಡ ಆಟವನ್ನು ಬೇರೆ ಕಡೆಯಿಂದ ಫೋಲ್ಡರ್ ತರುವ ಏರ್ಪಾಡಿಲ್ಲದೆ ಕೊಂಡರೆ, ಒಮ್ಮೆಯೂ ತೆರೆದು ನೋಡುವ ಮೊದಲೇ ವಾಪಸಾತಿಯ ಗಡುವು ಮುಗಿದಿರುತ್ತದೆ.