ಅಂಡಮಾನಿನ ಮದುವೆ ಮತ್ತು ಮನೆಯ ಹಿರಿಯರ ಆರೋಗ್ಯ

ಓಲ್ಡ್ ರಾಜಿಂದರ್ ನಗರದ ಕನ್ನಡ ಮನೆಯೊಂದರಲ್ಲಿ ಮದುವೆ ನಿಶ್ಚಯವಾಯಿತೆಂದರೆ ಹಿಂದೆ ಎರಡೇ ಪ್ರಶ್ನೆಗಳು ಏಳುತ್ತಿದ್ದವು: ಮುಹೂರ್ತ ದೆಹಲಿಯಲ್ಲೋ, ಊರಿನಲ್ಲೋ? ಈಗ ಮೂರನೆಯದೊಂದು ಸೇರಿಕೊಂಡಿದೆ. ಕೆಲವು ಮನೆಗಳ ಮಕ್ಕಳು ಸಮುದ್ರದಂಡೆಯ ಮೇಲೆ, ಅದರಲ್ಲೂ ಅಂಡಮಾನಿನ ದ್ವೀಪವೊಂದರಲ್ಲಿ, ಧಾರೆಯಾಗಬೇಕೆಂದು ಬಯಸುತ್ತಾರೆ. ಈ ಬಯಕೆಯನ್ನು ಹಿರಿಯರು ಅಲ್ಲಗಳೆಯಬೇಕಾಗಿಲ್ಲ. ಆದರೆ ಸಿದ್ಧತೆಯ ಕ್ರಮವನ್ನು ಗಮನಿಸಿದರೆ ಒಂದು ಕೊರತೆ ಎದ್ದು ಕಾಣುತ್ತದೆ. ಕರೋಲ್ ಬಾಗಿನ ಅಜ್ಮಲ್ ಖಾನ್ ರಸ್ತೆಯಲ್ಲಿ ಬಟ್ಟೆಬರೆಯ ಖರೀದಿ ತಿಂಗಳುಗಟ್ಟಲೆ ನಡೆಯುತ್ತದೆ. ತಾತನ ಮಾತ್ರೆಗಳ ಡಬ್ಬಿ ನೆನಪಾಗುವುದು ಮಾತ್ರ ವಿಮಾನ ನಿಲ್ದಾಣಕ್ಕೆ ಹೊರಟ ಟ್ಯಾಕ್ಸಿಯಲ್ಲಿ.

ಇದಕ್ಕೆ ಕಾರಣ ಅಲಕ್ಷ್ಯವಲ್ಲ, ಅಭ್ಯಾಸ. 1921ರಲ್ಲಿ ಲಾಹೋರಿನಲ್ಲಿ ಆರಂಭವಾಗಿ, ದೇಶವಿಭಜನೆಯ ನಂತರ ದೆಹಲಿಯಲ್ಲಿ ಮರುಹುಟ್ಟು ಪಡೆದ ಸರ್ ಗಂಗಾರಾಮ್ ಆಸ್ಪತ್ರೆ ಇದೇ ಬಡಾವಣೆಯಲ್ಲಿದೆ. ನಡುರಾತ್ರಿ ಎದೆನೋವು ಬಂದರೂ ಆಟೋದಲ್ಲಿ ಕೆಲವೇ ನಿಮಿಷಗಳಲ್ಲಿ ತಲುಪಬಹುದೆಂಬ ಧೈರ್ಯ ಇಲ್ಲಿನ ನಿವಾಸಿಗಳ ಮನಸ್ಸಿನಲ್ಲಿ ಬೇರೂರಿದೆ. ದ್ವೀಪಕ್ಕೆ ಕಾಲಿಟ್ಟೊಡನೆ ಕೈಬಿಡುವುದು ಈ ಧೈರ್ಯವೇ.

ಮದುವೆಯ ಕಾಲದಲ್ಲಿ, ಎಂದರೆ ಡಿಸೆಂಬರ್–ಜನವರಿಯಲ್ಲಿ, ದೆಹಲಿಯ ರಾತ್ರಿಯ ಉಷ್ಣತೆ ಏಳೆಂಟು ಡಿಗ್ರಿಗೆ ಇಳಿದಿರುತ್ತದೆ. ಅಂಡಮಾನಿನ ರಾಜಧಾನಿ, 2024ರಿಂದ ಶ್ರೀ ವಿಜಯಪುರಂ ಎಂದು ಕರೆಯಲ್ಪಡುವ ಪೋರ್ಟ್ ಬ್ಲೇರ್, ಮೈಸೂರಿಗಿಂತಲೂ ತುಸು ದಕ್ಷಿಣದ ಅಕ್ಷಾಂಶದಲ್ಲಿದೆ. ಅಲ್ಲಿ ವರ್ಷವಿಡೀ ಹಗಲು ಮೂವತ್ತು ಡಿಗ್ರಿಯ ಆಸುಪಾಸು, ಗಾಳಿಯ ತುಂಬ ತೇವ. ಮಂಗಳೂರು, ಉಡುಪಿ ಕಡೆಯವರಿಗೆ ಈ ಸೆಕೆ ಹೊಸದಲ್ಲವೆನ್ನಿಸಬಹುದು. ಆದರೆ ಮೂವತ್ತು ವರ್ಷ ದೆಹಲಿಯಲ್ಲಿ ಕಳೆದ ದೇಹಕ್ಕೆ ಬಾಲ್ಯದ ಕರಾವಳಿಯ ನೆನಪು ಇರುವುದಿಲ್ಲ. ಸೆಕೆಗೆ ಹೊಂದಿಕೊಳ್ಳುವ ಶಕ್ತಿ ಕೆಲವೇ ವಾರಗಳಲ್ಲಿ ಕರಗಿಹೋಗುವಂಥದು.

ದೇಹ ತನ್ನ ಶಾಖವನ್ನು ಹೊರಹಾಕುವ ಮುಖ್ಯ ಮಾರ್ಗ ಬೆವರು. ಒಂದು ಲೀಟರ್ ಬೆವರು ಆವಿಯಾದಾಗ ಸುಮಾರು 580 ಕಿಲೊಕ್ಯಾಲರಿ ಶಾಖ ದೇಹದಿಂದ ಹೊರಹೋಗುತ್ತದೆ. ಇಲ್ಲಿ ಮುಖ್ಯವಾದ ಮಾತು ‘ಆವಿಯಾದಾಗ’ ಎಂಬುದು. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ತಂಪು ಕೊಡದು. ನೀರು ಮತ್ತು ಉಪ್ಪನ್ನು ಮಾತ್ರ ಕಸಿದುಕೊಳ್ಳುತ್ತದೆ. ತೇವಭರಿತ ಗಾಳಿಯಲ್ಲಿ ಬೆವರು ಆರುವುದು ನಿಧಾನ. ಅದರ ಮೇಲೆ ಜರಿಯ ರೇಷ್ಮೆ, ಎದುರಿಗೆ ಹೋಮಕುಂಡ, ಸುತ್ತ ಬಂಧುಗಳ ಗುಂಪು. ಹೊಸ ಸೆಕೆಗೆ ದೇಹ ಒಗ್ಗಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಆ ಅವಧಿಯಲ್ಲಿ ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗನೆ ಆರಂಭವಾಗುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ವೃದ್ಧರಲ್ಲಿ ಈ ಹೊಂದಾಣಿಕೆ ಇನ್ನೂ ನಿಧಾನ. ಬಾಯಾರಿಕೆಯ ಅರಿವೂ ಅವರಲ್ಲಿ ಮಂದವಾಗಿರುತ್ತದೆ. ‘ನನಗೇನೂ ಬಾಯಾರಿಲ್ಲ’ ಎಂಬ ಅಜ್ಜಿಯ ಮಾತನ್ನು ಆದ್ದರಿಂದ ನಂಬತಕ್ಕದ್ದಲ್ಲ.

ಈಗ ಮದುವೆಯ ದಿನದ ಬೆಳಗನ್ನು ಕಲ್ಪಿಸಿಕೊಳ್ಳಬಹುದು. ಕನ್ಯಾದಾನ ಮಾಡುವ ತಂದೆತಾಯಿಗಳು ಧಾರೆಯಾಗುವವರೆಗೆ ಉಪವಾಸವಿರುವುದು ಬಹಳ ಮನೆಗಳ ಸಂಪ್ರದಾಯ. ಆ ತಂದೆಗೆ ಅರವತ್ತು ದಾಟಿದೆ. ರಕ್ತದೊತ್ತಡಕ್ಕೆ ಹಲವು ವರ್ಷಗಳಿಂದ ಮಾತ್ರೆ. ಆ ಮಾತ್ರೆಯಲ್ಲಿ ಹೈಡ್ರೋಕ್ಲೋರೋಥಯಾಜೈಡ್ ಅಥವಾ ಕ್ಲೋರ್ಥಾಲಿಡೋನ್ ಬೆರೆತಿದ್ದರೆ ಅದು ಮೂತ್ರದ ಮೂಲಕ ನೀರು, ಉಪ್ಪನ್ನು ಹೊರಹಾಕುತ್ತಿರುತ್ತದೆ. ಇತ್ತ ಬೆವರಿನಿಂದಲೂ ಅದೇ ನಷ್ಟ. ಬಾಯಿಯ ಮೂಲಕ ಒಳಗೆ ಹೋಗುವುದು ಏನೂ ಇಲ್ಲ. ಮೂರು ಗಂಟೆ ಮಣೆಯ ಮೇಲೆ ಕುಳಿತು ಧಾರೆ ಎರೆಯಲು ತಟ್ಟನೆ ಎದ್ದುನಿಂತಾಗ ತಲೆಸುತ್ತಿ ಬೀಳುವುದಕ್ಕೆ ಇಷ್ಟು ಸಾಕು. ಈ ವಯಸ್ಸಿನಲ್ಲಿ ಬಿದ್ದರೆ ಸೊಂಟದ ಮೂಳೆ ಮುರಿಯಬಹುದು. ಸಮುದ್ರದಂಡೆಯ ಮದುವೆಯೆಂದೊಡನೆ ಜನರು ಮೊಸಳೆ, ವಿಷದ ಮೀನುಗಳನ್ನು ನೆನೆದು ಅಂಜುತ್ತಾರೆ. ನಿಜವಾದ ಅಪಾಯ ಮಾತ್ರ ಉಪವಾಸ, ಮಾತ್ರೆ ಮತ್ತು ಸೆಕೆ ಈ ಮೂರೂ ಒಂದೇ ಬೆಳಗಿನಲ್ಲಿ ಕೂಡುವುದರಲ್ಲಿದೆ.

ಮಧುಮೇಹಿಗಳ ವಿಷಯ ಮತ್ತೂ ಸೂಕ್ಷ್ಮ. ಇನ್ಸುಲಿನ್ ತೆಗೆದುಕೊಂಡು ಅಥವಾ ಗ್ಲಿಮೆಪಿರೈಡ್ ಮಾತ್ರೆ ನುಂಗಿ ಊಟ ಬಿಟ್ಟರೆ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಇಳಿಯಬಹುದು. ಬಿಸಿ ಹವೆಯಲ್ಲಿ ಚುಚ್ಚಿದ ಇನ್ಸುಲಿನ್ ಹೆಚ್ಚು ವೇಗವಾಗಿ ರಕ್ತಕ್ಕೆ ಸೇರುತ್ತದೆ. ಸಕ್ಕರೆ ಇಳಿದಾಗಿನ ಎದೆಬಡಿತವನ್ನು ಮೆಟೊಪ್ರೊಲಾಲಿನಂಥ ಮಾತ್ರೆಗಳು ಮರೆಮಾಡುತ್ತವೆ. ಉಳಿಯುವ ಲಕ್ಷಣ ಬೆವರು. ಎಲ್ಲರೂ ಬೆವರುತ್ತಿರುವ ಮಂಟಪದಲ್ಲಿ ಒಬ್ಬರ ಬೆವರನ್ನು ಯಾರು ಗಮನಿಸುತ್ತಾರೆ? ಡಾಪಾಗ್ಲಿಫ್ಲೋಜಿನ್ ವರ್ಗದ ಮಾತ್ರೆ ಸೇವಿಸುವವರು ಉಪವಾಸವಿದ್ದು ನೀರೂ ಕುಡಿಯದಿದ್ದರೆ ರಕ್ತದಲ್ಲಿ ಆಮ್ಲಾಂಶ ಏರುವ ಗಂಭೀರ ಸ್ಥಿತಿಗೆ ಗುರಿಯಾಗಬಹುದು. ಆಗ ಸಕ್ಕರೆಯ ಅಳತೆ ತೀರ ಹೆಚ್ಚಿಲ್ಲದಿದ್ದರೂ ವಾಂತಿ, ಹೊಟ್ಟೆನೋವು, ಏದುಸಿರು ಕಾಣಿಸಿಕೊಳ್ಳುತ್ತವೆ. ಯಾವ ಮಾತ್ರೆಯನ್ನು ಆ ದಿನ ಬಿಡಬೇಕು, ಯಾವುದರ ಪ್ರಮಾಣ ತಗ್ಗಿಸಬೇಕು ಎಂಬುದನ್ನು ವೈದ್ಯರೇ ಹೇಳಬೇಕು. ಸ್ವಂತ ನಿರ್ಧಾರ ಸಲ್ಲದು. ಆದರೆ ಈ ಪ್ರಶ್ನೆಯನ್ನು ವೈದ್ಯರ ಮುಂದಿಡುವ ಹೊಣೆ ಮನೆಯವರದು. ‘ಮದುವೆಯ ದಿನ ಇವರು ಹನ್ನೊಂದು ಗಂಟೆಯವರೆಗೆ ಏನೂ ತಿನ್ನುವುದಿಲ್ಲ’ ಎಂದು ಯಾರೂ ಹೇಳದಿದ್ದರೆ ವೈದ್ಯರಿಗೆ ತಿಳಿಯುವ ಬಗೆ ಹೇಗೆ? ಮೂರು ವಾರ ಮೊದಲೇ ಈ ಭೇಟಿ ಆಗಬೇಕು. ಇನ್‌ಫ್ಲುಯೆಂಜಾ ಲಸಿಕೆ ಫಲ ಕೊಡಲು ಎರಡು ವಾರ ಬೇಕಾಗುವುದರಿಂದ ಅದನ್ನೂ, ಹತ್ತು ವರ್ಷ ಮೀರಿದ್ದರೆ ಧನುರ್ವಾಯುವಿನ ಚುಚ್ಚುಮದ್ದನ್ನೂ ಅಂದೇ ಮುಗಿಸಿಕೊಳ್ಳಬಹುದು.

ಪುರೋಹಿತರೊಡನೆಯೂ ಒಂದು ಮಾತುಕತೆ ಅವಶ್ಯಕ. ಹಾಲು, ಹಣ್ಣು, ಎಳನೀರಿಗೆ ಅವಕಾಶವಿದೆಯೇ ಎಂದು ಮುಂಚಿತವಾಗಿ ವಿಚಾರಿಸಿದರೆ ಇಲ್ಲವೆನ್ನುವ ಪುರೋಹಿತರು ವಿರಳ. ರೋಗಿಗಳಿಗೆ, ವೃದ್ಧರಿಗೆ ಉಪವಾಸದಲ್ಲಿ ವಿನಾಯಿತಿ ಕೊಡುವುದು ಹಳೆಯ ರೂಢಿಯೇ. ಇನ್ನೊಂದು ಸಂಗತಿ ಮುಹೂರ್ತದ್ದು. ಅಂಡಮಾನು ದೆಹಲಿಗಿಂತ ಬಹಳ ಪೂರ್ವಕ್ಕಿದ್ದರೂ ಗಡಿಯಾರ ಒಂದೇ. ಹೀಗಾಗಿ ಚಳಿಗಾಲದಲ್ಲೂ ಅಲ್ಲಿ ಆರಕ್ಕೆ ಮುನ್ನ ಸೂರ್ಯೋದಯ, ಸಂಜೆ ಐದೂವರೆಯೊಳಗೆ ಸೂರ್ಯಾಸ್ತ; ಬಿಸಿಲು ಶಿಖರಕ್ಕೇರುವುದು ಹನ್ನೆರಡೂಕಾಲಿಗಲ್ಲ, ಹನ್ನೊಂದೂವರೆಯೊಳಗೇ. ದೆಹಲಿಯಲ್ಲಿ ಹಿತವಾದ ಎಳೆಬಿಸಿಲೆನಿಸುವ ಹತ್ತೂವರೆಯ ಲಗ್ನ ಅಲ್ಲಿ ಸುಡುಬಿಸಿಲಿನ ಲಗ್ನ. ಲಗ್ನವನ್ನು ಹೇಗೂ ಆ ಸ್ಥಳದ ಸೂರ್ಯೋದಯಕ್ಕೆ ಅನುಗುಣವಾಗಿ ಮರುಗಣಿಸಬೇಕಾಗುತ್ತದೆ. ಆಗಲೇ ಎಂಟು ಗಂಟೆಯೊಳಗಿನ ಮುಹೂರ್ತವನ್ನೋ ಗೋಧೂಳಿ ಲಗ್ನವನ್ನೋ ಕೇಳಿಕೊಳ್ಳುವುದು ವಿವೇಕ. ಮಂಟಪಕ್ಕೆ ದಟ್ಟ ನೆರಳು, ಬೀಸುವ ಗಾಳಿ ಎರಡೂ ಇರಬೇಕು. ಛಾಯಾಚಿತ್ರಕಾರರು ಕೇಳುವ ಬಯಲಿನ ಬೆಳಕಿಗಾಗಿ ವೃದ್ಧರನ್ನು ಬಿಸಿಲಿಗೆ ಕೂರಿಸುವುದು ತರವಲ್ಲ.

ಬಂದವರಿಗೆ ಪಾನಕ, ನೀರುಮಜ್ಜಿಗೆ ಹಂಚುವ ಪದ್ಧತಿ ಇಲ್ಲಿ ಬಹಳ ಉಪಯುಕ್ತ. ಉಪ್ಪು ಹಾಕಿದ ಮಜ್ಜಿಗೆ ಬೆವರಿನ ನಷ್ಟವನ್ನು ತಕ್ಕಮಟ್ಟಿಗೆ ತುಂಬುತ್ತದೆ. ತಂಪು ಕೋಲಾ ಪಾನೀಯಗಳು ಆ ಕೆಲಸ ಮಾಡಲಾರವು. ವಾಂತಿಭೇದಿಯಾದರೆ ಓ.ಆರ್.ಎಸ್. ಪುಡಿಯನ್ನು ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿನಲ್ಲಿ ಕರಗಿಸಿ ಕೊಡಬೇಕು. ಈ ಸರಳ ದ್ರಾವಣದ ಬಲವನ್ನು ಡಾ. ದಿಲೀಪ್ ಮಹಾಲನಬಿಸ್ 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ, ಕಾಲರಾ ಹಾವಳಿಯ ನಡುವೆ, ಜಗತ್ತಿಗೆ ತೋರಿಸಿಕೊಟ್ಟರು. ಪುಡಿ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯಿಂದ ನೀರಿನ ಮಿತಿ ವಿಧಿಸಲ್ಪಟ್ಟವರಿಗೆ ಈ ಸಲಹೆಗಳು ಹಾಗೆಯೇ ಅನ್ವಯಿಸವು. ಅವರ ಲೆಕ್ಕವೇ ಬೇರೆ.

ಡಿಸೆಂಬರಿನ ದೆಹಲಿಯಲ್ಲಿ ಕುಳಿತು ಸೆಕೆಗೆ ಒಗ್ಗಿಕೊಳ್ಳುವುದು ಸಾಧ್ಯವಿಲ್ಲ. ಆದುದರಿಂದ ಹಿರಿಯರು ಮದುವೆಗೆ ಮೂರು ನಾಲ್ಕು ದಿನ ಮುಂಚೆಯಾದರೂ ದ್ವೀಪ ಸೇರಬೇಕು, ಮೊದಲೆರಡು ದಿನ ವಿಶ್ರಾಂತಿಯಲ್ಲೇ ಇರಬೇಕು. ಸುತ್ತಾಟವೆಲ್ಲ ಮದುವೆಯ ನಂತರ. ಇನ್ಸುಲಿನನ್ನು ಕೈಚೀಲದಲ್ಲೇ ಒಯ್ಯತಕ್ಕದ್ದು, ಸಾಮಾನಿನ ಪೆಟ್ಟಿಗೆಯಲ್ಲಿ ಹಾಕಕೂಡದು: ಪೆಟ್ಟಿಗೆ ಕಳೆದುಹೋಗಬಹುದು, ವಿಮಾನದ ಸರಕಿನ ಕೋಣೆಯ ಶೀತದಲ್ಲಿ ಹೆಪ್ಪುಗಟ್ಟಿದರೆ ಔಷಧಿ ಕೆಡುತ್ತದೆ. (ಕರ್ಪೂರ, ಬೆಂಕಿಪೆಟ್ಟಿಗೆಗಳನ್ನು ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ, ಹೋಮದ ಆ ಸಾಮಗ್ರಿಯನ್ನು ಅಲ್ಲೇ ಕೊಳ್ಳಬೇಕು.)

ಶ್ರೀ ವಿಜಯಪುರಂನಿಂದ ಸ್ವರಾಜ್ ದ್ವೀಪಕ್ಕೆ, ಎಂದರೆ 2018ರವರೆಗಿನ ಹ್ಯಾವ್‌ಲಾಕಿಗೆ, ವೇಗದ ನೌಕೆಯಲ್ಲಿ ಒಂದೂವರೆ ಎರಡು ಗಂಟೆ ಬೇಕು. ಅಲೆ ಎದ್ದರೆ ವಾಕರಿಕೆ ಸಹಜ. ಅದಕ್ಕೆ ಕೊಡುವ ಮಾತ್ರೆಯನ್ನು ವಾಕರಿಕೆ ಬಂದ ಮೇಲೆ ನುಂಗಿ ಫಲವಿಲ್ಲ. ಹೊರಡುವುದಕ್ಕೆ ಅರ್ಧ, ಒಂದು ಗಂಟೆ ಮೊದಲು ಸೇವಿಸಬೇಕು. ಪ್ರಾಸ್ಟೇಟ್ ಗ್ರಂಥಿ ಊದಿದ ಪುರುಷರಿಗೂ ಕೆಲವು ಬಗೆಯ ಗ್ಲಾಕೋಮಾ ಇರುವವರಿಗೂ ಈ ಮಾತ್ರೆಗಳಲ್ಲಿ ಕೆಲವು ಒಗ್ಗುವುದಿಲ್ಲ. ನೌಕೆಯ ನಡುಭಾಗದಲ್ಲಿ ಕುಳಿತು ದೂರದ ದಿಗಂತವನ್ನು ನೋಡುತ್ತಿರುವುದು ಒಳ್ಳೆಯದು.

ಸೊಳ್ಳೆಗಳಿಂದ ಹಗಲಿನಲ್ಲೂ ರಕ್ಷಣೆ ಬೇಕು. ಡೆಂಗ್ಯೂ ಹರಡುವ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. 1980ರ ದಶಕದ ಕೊನೆಗೆ ಅಂಡಮಾನಿನಲ್ಲಿ ಕಾಣಿಸಿಕೊಂಡ ನಿಗೂಢ ರಕ್ತಸ್ರಾವದ ಜ್ವರ ಇಲಿಜ್ವರವೆಂದು ಮುಂದೆ ಗೊತ್ತಾಯಿತು. ಆದ್ದರಿಂದ ಕಾಲಿನಲ್ಲಿ ಗಾಯವಿರುವವರು ಕೆಸರುನೀರಿನಲ್ಲಿ ಬರಿಗಾಲಲ್ಲಿ ನಡೆಯಬಾರದು. ಊರಿಗೆ ಮರಳಿದ ನಂತರ ಜ್ವರ ಬಂದರೆ ಅಂಡಮಾನಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ತಿಳಿಸಬೇಕು. ಮಧುಮೇಹಿಗಳು ಬಿಸಿ ಮರಳಿನ ಮೇಲೂ ಬರಿಗಾಲಲ್ಲಿ ನಿಲ್ಲುವಂತಿಲ್ಲ. ಸ್ಪರ್ಶಜ್ಞಾನ ಕುಂದಿದ ಪಾದಕ್ಕೆ ಸುಟ್ಟದ್ದೇ ತಿಳಿಯದು. ಸಪ್ತಪದಿಗೆ ಚಾಪೆ ಹಾಸಿದರೆ ಯಾವ ಲೋಪವೂ ಇಲ್ಲ.

ಮಂಟಪದಲ್ಲಿ ಯಾರಿಗಾದರೂ ತಲೆಸುತ್ತು, ವಾಕರಿಕೆ ಬಂದರೆ ನೆರಳಿಗೆ ಒಯ್ದು ಮಲಗಿಸಿ, ಕಾಲುಗಳನ್ನು ಎತ್ತರಿಸಿ, ರೇಷ್ಮೆಯನ್ನು ಸಡಿಲಿಸಿ, ಒದ್ದೆ ಬಟ್ಟೆ ಹೊದಿಸಿ ಗಾಳಿ ಬೀಸಬೇಕು. ಮಾತು ತೊದಲಿ, ಮೈ ಬೆಂಕಿಯಂತೆ ಸುಡುತ್ತಿದ್ದರೆ ಅದು ಶಾಖಾಘಾತ. ಆಸ್ಪತ್ರೆಯ ದಾರಿಯಲ್ಲೂ ಮೈಗೆ ನೀರೆರೆಯುತ್ತಿರಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬಾರದು. ಸ್ವರಾಜ್ ದ್ವೀಪದಲ್ಲಿರುವುದು ಪ್ರಾಥಮಿಕ ಆರೋಗ್ಯ ಕೇಂದ್ರ. ದೊಡ್ಡ ಸರಕಾರಿ ಆಸ್ಪತ್ರೆಯಾದ ಜಿ.ಬಿ. ಪಂತ್ ಆಸ್ಪತ್ರೆ ಸಮುದ್ರದಾಚೆ ಶ್ರೀ ವಿಜಯಪುರಂನಲ್ಲಿದೆ. ಸಮುದ್ರ ಕೆರಳಿದ ದಿನ ನೌಕೆಗಳು ಹೊರಡುವುದಿಲ್ಲ. ಬಂಧುಗಳಲ್ಲಿ ಒಬ್ಬರಿಗೆ ಬೇರಾವ ಕೆಲಸವನ್ನೂ ವಹಿಸದೆ, ಹಿರಿಯರ ಔಷಧಿ, ನೀರು, ವೈದ್ಯರ ಚೀಟಿಗಳ ಹೊಣೆಯನ್ನಷ್ಟೇ ಕೊಡುವುದು ಉತ್ತಮ.

ಇತ್ತೀಚೆಗೆ ಹೃದಯಾಘಾತವಾದವರು, ಏದುಸಿರಿನಿಂದ ಬಳಲುವವರು, ವಾರಕ್ಕೆ ಎರಡು ಮೂರು ಬಾರಿ ಡಯಾಲಿಸಿಸ್ ಅಗತ್ಯವಿರುವವರು ಈ ಪ್ರಯಾಣ ಕೈಗೊಳ್ಳದಿರುವುದೇ ಲೇಸು. ಅಂಥವರು ಮನೆಯಲ್ಲಿದ್ದಾಗ ಧಾರೆಯನ್ನು ದೆಹಲಿಯಲ್ಲೇ, ಮನೆಯ ಮಟ್ಟಿಗೆ ಸರಳವಾಗಿ ಮುಗಿಸಿ, ಆರತಕ್ಷತೆಯನ್ನು ದ್ವೀಪದಲ್ಲಿ ಇಟ್ಟುಕೊಳ್ಳಬಹುದು. ಹಾಗಾದರೆ ಯುವಕರಿಗೆ ಸಮುದ್ರವೂ ದೊರೆಯುತ್ತದೆ, ರಾಜಿಂದರ್ ನಗರದ ಮನೆಯಲ್ಲಿ ಕುರ್ಚಿಯ ಮೇಲೆ ಕುಳಿತ ಅಜ್ಜಿಯ ಕೈಯಿಂದ ವಧೂವರರ ತಲೆಯ ಮೇಲೆ ಅಕ್ಷತೆಯೂ ಬೀಳುತ್ತದೆ.