ಪರನಾಡಿನಲ್ಲಿ ಬಸಿರು: ತವರು ತಿಳಿದಿರಬೇಕಾದದ್ದು

ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯ ಅನೇಕ ಮನೆಗಳಿಗೆ ದುಬೈ, ಮಸ್ಕತ್, ದಮ್ಮಾಮ್‌ಗಳು ನೆರೆಯೂರಿನಷ್ಟೇ ಪರಿಚಿತ. ಮಗಳು ಗಂಡನೊಡನೆ ಸಮುದ್ರದಾಚೆ ಹೊರಟಾಗ ಹಿರಿಯರು ಉಪ್ಪಿನಕಾಯಿಯಿಂದ ವಿಭೂತಿಗಟ್ಟಿಯವರೆಗೆ ಎಲ್ಲವನ್ನೂ ನೆನಪಿಸುತ್ತಾರೆ. ಬಸಿರಿಗೆ ತೊಡಕಾದರೆ ಅಲ್ಲಿನ ವೈದ್ಯರು ಏನು ಮಾಡಬಲ್ಲರು, ಏನು ಮಾಡಲಾರರು ಎಂಬುದನ್ನು ಮಾತ್ರ ವಿಚಾರಿಸುವುದು ವಿರಳ. ಪಾಸ್‌ಪೋರ್ಟ್ ಭಾರತದ್ದಾದರೂ ಚಿಕಿತ್ಸೆಗೆ ಅನ್ವಯಿಸುವ ಕಾನೂನು ಆ ನೆಲದ್ದು.

ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ ಅವರನ್ನು ನಮ್ಮ ಓದುಗರು ಮರೆತಿರಲಾರರು. ಐರ್ಲೆಂಡಿನ ಗಾಲ್ವೇ ನಗರದಲ್ಲಿ ಪತಿಯೊಡನೆ ನೆಲೆಸಿದ್ದ ಅವರು 17 ವಾರಗಳ ಗರ್ಭಿಣಿಯಾಗಿ, 2012ರ ಅಕ್ಟೋಬರ್ 21ರಂದು ಬೆನ್ನುನೋವಿನಿಂದ ಆಸ್ಪತ್ರೆ ಸೇರಿದರು. ಗರ್ಭ ಉಳಿಯುವುದಿಲ್ಲವೆಂಬುದು ವೈದ್ಯರಿಗೆ ತಿಳಿದಿತ್ತು. ಗರ್ಭಚೀಲವೂ ಒಡೆಯಿತು. ಗರ್ಭಪಾತ ಮಾಡಿಸಿರೆಂದು ದಂಪತಿಗಳು ಕೇಳಿಕೊಂಡರು. ಭ್ರೂಣದ ಹೃದಯ ಇನ್ನೂ ಮಿಡಿಯುತ್ತಿದ್ದುದರಿಂದ ಅಲ್ಲಿನ ಕಾನೂನು ಅದಕ್ಕೆ ಎಡೆಕೊಡದೆಂಬ ಉತ್ತರ ಬಂತು. ನಂಜು ರಕ್ತಕ್ಕೇರಿ, ಅಕ್ಟೋಬರ್ 28ರಂದು 31ರ ಹರೆಯದ ಸವಿತಾ ಲಿಂಗೈಕ್ಯರಾದರು. ಮರುವರ್ಷದ ತನಿಖಾ ವರದಿ ಕಾನೂನಿನ ಗೊಂದಲವನ್ನಷ್ಟೇ ಅಲ್ಲ, ಸೋಂಕಿನ ಲಕ್ಷಣಗಳ ಮೇಲೆ ಸಾಕಷ್ಟು ನಿಗಾ ಇಡದ ಲೋಪವನ್ನೂ ಎತ್ತಿ ತೋರಿಸಿತು. 2018ರ ಮೇ 25ರ ಜನಮತಗಣನೆಯಲ್ಲಿ ಶೇ. 66ರಷ್ಟು ಐರಿಷ್ ಮತದಾರರು ಸಂವಿಧಾನದ ಆ ನಿರ್ಬಂಧವನ್ನು ತೆಗೆದುಹಾಕಿದರು; ಮಗಳನ್ನು ಕಳೆದುಕೊಂಡ ತಂದೆ ತಾಯಿ ಬೆಳಗಾವಿಯಿಂದಲೇ ಅದಕ್ಕಾಗಿ ಮನವಿ ಮಾಡಿದ್ದರು.

ಗರ್ಭಸ್ಥ ಶಿಶುವಿಗೂ ಎಂಟನೆಯ ತಿಂಗಳಲ್ಲಿ ಲಿಂಗಧಾರಣೆ ಮಾಡಿಸುವ ಸಂಪ್ರದಾಯವುಳ್ಳ ನಮಗೆ ಗರ್ಭಪಾತದ ಮಾತು ಸುಲಭವಲ್ಲ, ನಿಜ. ಆದರೆ ಜನನಸೂತಕ, ರಜಸ್ಸೂತಕಗಳನ್ನೇ ಅಲ್ಲಗಳೆದ ಶರಣರ ಪರಂಪರೆಯವರು ಹೆಣ್ಣಿನ ಒಡಲ ಸಂಕಟವನ್ನು ಮುಚ್ಚುಮರೆಯಲ್ಲಿಡುವುದೂ ಸಲ್ಲದು. ಸವಿತಾ ಬಯಸಿ ಬಯಸಿ ಪಡೆದ ಬಸಿರು ಅದು.

ಗಲ್ಫ್ ದೇಶಗಳಲ್ಲಿ ತಾಯಿಯ ಪ್ರಾಣಕ್ಕೆ ಅಪಾಯವಿದ್ದಾಗ ಗರ್ಭಪಾತಕ್ಕೆ ಅವಕಾಶವಿದೆ. ಇತರ ಕಾರಣಗಳಿಗೆ ನಿಯಮ ಬಹು ಬಿಗಿ. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಭ್ರೂಣಕ್ಕೆ ಗಂಭೀರ ಅಂಗದೋಷವಿದ್ದರೆ 120 ದಿನಗಳ ಮಿತಿಯುಂಟು. ಅಂಗದೋಷ ಕಾಣುವ ಸ್ಕ್ಯಾನಿಂಗ್ ಸಾಮಾನ್ಯವಾಗಿ ನಡೆಯುವುದು 18ರಿಂದ 20ನೆಯ ವಾರದಲ್ಲಿ, ಅಂದರೆ ಹೆಚ್ಚುಕಡಿಮೆ ಆ ಮಿತಿ ಮುಗಿಯುವ ಹೊತ್ತಿಗೆ! ಆದ್ದರಿಂದ ಮೊದಲ ತಪಾಸಣೆಯ ದಿನವೇ ವೈದ್ಯರನ್ನು ನೇರವಾಗಿ ಕೇಳಿ ತಿಳಿದುಕೊಳ್ಳುವುದು ಲೇಸು.

ನಮ್ಮಲ್ಲಿ 1971ರ ಕಾಯ್ದೆಗೆ 2021ರಲ್ಲಿ ತಿದ್ದುಪಡಿಯಾಗಿದೆ. 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. ನಿಗದಿತ ಸಂದರ್ಭಗಳಲ್ಲಿ 24 ವಾರದವರೆಗೆ ಇಬ್ಬರದು ಬೇಕು. ತೀವ್ರ ಅಂಗದೋಷವಿದ್ದರೆ ಆ ಬಳಿಕವೂ ವೈದ್ಯಕೀಯ ಮಂಡಳಿ ನಿರ್ಣಯಿಸಬಹುದು. ತಾಯಿಯ ಜೀವ ಉಳಿಸಲು ತಕ್ಷಣ ಅಗತ್ಯವಾದಲ್ಲಿ ವಾರಗಳ ಲೆಕ್ಕವೇ ಇಲ್ಲ. ವಯಸ್ಕಳಾದವಳ ಒಪ್ಪಿಗೆಯೊಂದೇ ಸಾಕು, ಗಂಡನ ಸಹಿ ಬೇಡ. ಕಾಯ್ದೆ ಹೇಳುವುದು ‘ಗರ್ಭಿಣಿ ಸ್ತ್ರೀ’ ಎಂದೇ ಹೊರತು ‘ಭಾರತೀಯ ಪ್ರಜೆ’ ಎಂದಲ್ಲ. ಕುಮಟಾ ತಾಲ್ಲೂಕಿನ ಗೋಕರ್ಣಕ್ಕೆ ಬರುವ ವಿದೇಶಿ ಮಹಿಳೆಗೂ ಇದೇ ಕಾನೂನು ಅನ್ವಯ. ಸವಿತಾಗೆ ಅಲ್ಲಿ ದೊರೆಯದ ರಕ್ಷಣೆ ಇಲ್ಲಿ ಪರದೇಶದವಳಿಗೂ ಉಂಟು. ಕಾನೂನಿದ್ದರೂ ದಾರಿ ದೂರವೆಂಬುದು ಬೇರೆ ಮಾತು: ಗಂಭೀರ ರೋಗಿಗಳನ್ನು ಮಣಿಪಾಲ, ಮಂಗಳೂರಿಗೆ ಒಯ್ಯುವ ಪಾಡು ತಪ್ಪಲೆಂದು ಈ ಜಿಲ್ಲೆಯ ಜನ 2022ರಲ್ಲಿ ಸುಸಜ್ಜಿತ ಆಸ್ಪತ್ರೆಗಾಗಿ ಬೀದಿಗಿಳಿದದ್ದನ್ನು ಎಲ್ಲರೂ ಬಲ್ಲರು.

ಮಗಳೊಡನೆ ಫೋನಿನಲ್ಲಿ ಮಾತನಾಡುವಾಗ ಊಟವಾಯಿತೇ ಎಂದು ಕೇಳುವುದರ ಜೊತೆಗೆ ಇದನ್ನೂ ಕೇಳಿರಿ: ಜ್ವರ, ಚಳಿನಡುಕ ಇದೆಯೇ? ಹೊತ್ತಿಗೆ ಮುನ್ನ ನೀರು ಹೋಯಿತೇ? ರಕ್ತಸ್ರಾವವೇ, ದುರ್ವಾಸನೆಯ ಸ್ರಾವವೇ? ಎದೆಬಡಿತದ ವೇಗ, ಏದುಸಿರು, ಮಂಕು? ಇವುಗಳಲ್ಲಿ ಯಾವುದು ಕಂಡರೂ ಊರಿಗೆ ವಿಮಾನ ಹತ್ತಿಸುವ ಯೋಚನೆ ಬೇಡ. ಅಲ್ಲಿನ ಹತ್ತಿರದ ಆಸ್ಪತ್ರೆಗೆ ಆ ಗಳಿಗೆಯಲ್ಲೇ ಹೋಗಬೇಕು. ಗರ್ಭಪಾತದ ಮಾತ್ರೆಗಳನ್ನು ಇಲ್ಲಿಂದ ಪೆಟ್ಟಿಗೆಯಲ್ಲಿಟ್ಟು ಕಳುಹಿಸುವ ‘ಉಪಕಾರ’ವನ್ನೂ ಯಾರೂ ಮಾಡಬಾರದು. ವೈದ್ಯರ ನಿಗಾ ಇಲ್ಲದೆ ನುಂಗಿದರೆ ಪ್ರಾಣಭಯ, ಆ ದೇಶದ ಸುಂಕದ ಕಟ್ಟೆಯಲ್ಲಿ ಸಿಕ್ಕಿಬಿದ್ದರೆ ಸೆರೆಮನೆಯ ಭಯ.