ನಿಂತ ನೀರು, ದಿನಮಾನವನ್ನೆಣಿಸದ ಹೂವು

ಪ್ರಾಪ್ತವಯಸ್ಕರಾದ ನಿವಾಸಿಗಳು ಸ್ವಂತ ಉಪಯೋಗಕ್ಕಾಗಿ ಮೂರು ಗಾಂಜಾ ಗಿಡಗಳನ್ನು ಮನೆಯಲ್ಲಿ ಬೆಳೆಸಿಕೊಳ್ಳಬಹುದೆಂಬ ಕಾಯಿದೆ ಜರ್ಮನಿಯಲ್ಲಿ ೨೦೨೪ರ ಏಪ್ರಿಲ್ ೧ರಿಂದ ಜಾರಿಗೆ ಬಂದಿತು. ಹಿತ್ತಿಲಿಲ್ಲದವನ ಕೋಣೆಗೆ ಹೇಳಿ ಮಾಡಿಸಿದಂತಿರುವ ಸಾಧನವೆಂದರೆ ಮುಚ್ಚಳವುಳ್ಳ ಒಂದು ಬಕೆಟ್ಟು, ಮುಚ್ಚಳದ ರಂಧ್ರದಲ್ಲಿ ಇಳಿಬಿಟ್ಟ ಜಾಲರಿಯ ಬಟ್ಟಲು, ಅದರಲ್ಲಿ ನಿಂತ ಒಂದು ಕುಳ್ಳು ಗಿಡ. ಮಣ್ಣಿಲ್ಲ, ನೀರನ್ನು ತಿರುಗಿಸುವ ಪಂಪಿಲ್ಲ, ಹೂಬಿಡುವ ಕಾಲಕ್ಕೆ ಗಿಡವನ್ನು ಕತ್ತಲೆಗೆ ಸರಿಸುವ ಗೋಜೂ ಇಲ್ಲ. ನೋಟಕ್ಕೆ ಅತಿಸಾಮಾನ್ಯವಾದ ಈ ವಸ್ತುವಿನಲ್ಲಿ, ಬಹುಕಾಲ ಒಂದರ ಪರಿಚಯ ಮತ್ತೊಂದಕ್ಕಿಲ್ಲದೆ ಹರಿದುಬಂದ ಎರಡು ವಿದ್ಯೆಗಳು ಕೂಡಿಕೊಂಡಿವೆ. ಒಂದು ನೀರಿನದು, ಇನ್ನೊಂದು ಹೂವಿನದು.

ನೀರಿನ ಕಥೆಯ ಮೊದಲ ಭಾಗವನ್ನು ಬೇಗನೆ ಮುಗಿಸಬಹುದು. ಇಂಗ್ಲೆಂಡಿನ ಜಾನ್ ವುಡ್‌ವರ್ಡ್ ೧೬೯೯ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪುದೀನ ಜಾತಿಯ ಗಿಡಗಳು ಶುದ್ಧವಾದ ಮಳೆನೀರಿಗಿಂತ ಕೊಳೆ ಬೆರೆತ ನೀರಿನಲ್ಲೇ ಹೆಚ್ಚು ಬೆಳೆದುವು. ಆ ಕೊಳೆಯಲ್ಲಿ ಗಿಡಕ್ಕೆ ಬೇಕಾದುದೇನೆಂಬುದನ್ನು ೧೮೬೦ರ ಸುಮಾರಿನಲ್ಲಿ ಜರ್ಮನಿಯ ಯೂಲಿಯಸ್ ಝಾಕ್ಸ್ ಮತ್ತು ವಿಲ್‌ಹೆಲ್ಮ್ ಕ್ನೋಪ್ ಲವಣಲವಣವಾಗಿ ಬಿಡಿಸಿ ತೋರಿಸಿ, ಮಣ್ಣಿನ ಸೋಂಕಿಲ್ಲದ ಗಾಜಿನ ಪಾತ್ರೆಯಲ್ಲಿ ಗಿಡವನ್ನು ಬೀಜದಿಂದ ಬೀಜದವರೆಗೆ ಬೆಳೆಸಿದರು. ಪ್ರಯೋಗಶಾಲೆಯ ಈ ಪದ್ಧತಿಯನ್ನು ಬೇಸಾಯವನ್ನಾಗಿ ಮಾಡಹೊರಟವನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಗೆರಿಕೆ. ಅವನ ಟೊಮೆಟೊ ಬಳ್ಳಿಗಳ ಎತ್ತರವನ್ನು ಪತ್ರಿಕೆಗಳು ಕೊಂಡಾಡಿದುವಾದರೂ, ಅವನದೇ ವಿಶ್ವವಿದ್ಯಾನಿಲಯದ ಹೋಗ್ಲಂಡ್ ಮತ್ತು ಆರ್ನನ್ ೧೯೩೮ರಲ್ಲಿ ಬರೆದ ಪುಸ್ತಿಕೆಯು, ಫಲವತ್ತಾದ ಭೂಮಿಗಿಂತ ನೀರು ಮಿಗಿಲೇನೂ ಅಲ್ಲವೆಂದು ಆ ಉತ್ಸಾಹಕ್ಕೆ ತಣ್ಣೀರೆರಚಿತು.

ಅಲ್ಲಿಂದ ಮುಂದೆ ಜಲಕೃಷಿಯನ್ನು ಕಾಡಿದ ಪ್ರಶ್ನೆ ಆಹಾರದ್ದಲ್ಲ, ಉಸಿರಿನದು. ನಿಂತ ನೀರಿನಲ್ಲಿ ಮುಳುಗಿದ ಬೇರು ಆಮ್ಲಜನಕವಿಲ್ಲದೆ ಕೊಳೆಯುತ್ತದೆ; ಆದುದರಿಂದ ಗಾಳಿಯೂದುವ, ನೀರನ್ನು ಹರಿಯಿಸುವ ಯಂತ್ರಗಳು ಒಂದೊಂದಾಗಿ ಬಂದು ಸೇರಿಕೊಂಡುವು. ಹವಾಯಿ ವಿಶ್ವವಿದ್ಯಾನಿಲಯದ ಬರ್ನಾರ್ಡ್ ಕ್ರಾಟ್ಕಿ ೧೯೮೦ರ ದಶಕದಿಂದಾಚೆಗೆ ಈ ಯಂತ್ರಗಳೆಲ್ಲವನ್ನೂ ಕಳಚಿಹಾಕಿದ ಬಗೆ ನಿಜಕ್ಕೂ ಸೊಗಸಾದುದು. ಮೊದಲಲ್ಲಿ ದ್ರಾವಣವು ಜಾಲರಿಬಟ್ಟಲಿನ ಅಡಿಯನ್ನು ಮುಟ್ಟುವಷ್ಟಿರುತ್ತದೆ. ಗಿಡವು ಕುಡಿಯುತ್ತ ಹೋದಂತೆ ನೀರಿನ ಮಟ್ಟ ಇಳಿದು, ಮುಚ್ಚಳಕ್ಕೂ ನೀರಿಗೂ ನಡುವೆ ತೇವ ತುಂಬಿದ ಗಾಳಿಯ ತಾಣವೊಂದು ಏರ್ಪಡುತ್ತದೆ. ಆ ತಾಣದಲ್ಲಿ ತೂಗಿಬಿದ್ದ ಬೇರುಗಳು ಕವಲೊಡೆದು, ಬಿಳಿಯ ನವಿರಾದ ರೋಮಗಳನ್ನು ತಳೆದು, ಗಾಳಿಯಿಂದಲೇ ಆಮ್ಲಜನಕವನ್ನು ಹೀರುತ್ತಿರಲು, ಕೆಳಗಿನ ತುದಿಗಳು ದ್ರಾವಣದಲ್ಲಿದ್ದು ನೀರನ್ನೂ ಲವಣವನ್ನೂ ಮೇಲಕ್ಕೆ ಕಳುಹಿಸುತ್ತವೆ. ನೀರು ತಗ್ಗಿತಲ್ಲಾ ಎಂದು ಮರುಗಿ ಯಾರಾದರೂ ಬಕೆಟ್ಟನ್ನು ಮತ್ತೆ ಕಂಠಪೂರ್ತಿ ತುಂಬಿಸಿದರೆ, ಗಾಳಿಗೆ ಒಗ್ಗಿದ ಬೇರುಗಳು ಮುಳುಗಿ ಗಿಡವು ಬಾಡುತ್ತದೆ. ಇಲ್ಲಿ ಅತಿ ಉಪಚಾರವೇ ಅಪಚಾರ.

ಹೂವಿನ ಕಥೆಯಾದರೋ ಪ್ಯಾರಿಸ್ಸಿನಲ್ಲಿ, ಇದೇ ಗಾಂಜಾ ಗಿಡದಿಂದಲೇ ಆರಂಭವಾಗುತ್ತದೆ. ಚಳಿಗಾಲದಲ್ಲಿ ಗಾಜಿನ ಮನೆಯೊಳಗೆ ಬಿತ್ತಿದ ಗಾಂಜಾ ಮತ್ತು ಜಪಾನೀ ಹಾಪ್ಸ್ ಸಸಿಗಳು ಇನ್ನೂ ಎಳೆಯವಾಗಿರುವಾಗಲೇ ಹೂತುದನ್ನು ಕಂಡ ಜೂಲಿಯನ್ ಟೂರ್ನ್ವಾ ಎಂಬ ತರುಣ, ಇದಕ್ಕೆ ಕಾರಣ ಹಗಲು ಕುಗ್ಗಿದುದಕ್ಕಿಂತಲೂ ಇರುಳು ಹಿಗ್ಗಿದುದೇ ಇರಬೇಕೆಂದು ೧೯೧೪ರಲ್ಲಿ ಬರೆದನು. ಊಹೆ ಸರಿಯಾಗಿತ್ತು, ಆದರೆ ಅದನ್ನು ಮುಂದುವರಿಸಲು ಅವನು ಉಳಿಯಲಿಲ್ಲ, ಮೊದಲ ಮಹಾಯುದ್ಧದಲ್ಲಿ ಮಡಿದನು. ೧೯೨೦ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್, ಹೊಗೆಸೊಪ್ಪು ಸೋಯಾ ಮೊದಲಾದುವನ್ನು ಹೊತ್ತಿಗೆ ಸರಿಯಾಗಿ ಕತ್ತಲ ಕೋಣೆಗೆ ಸಾಗಿಸಿ, ದಿನಮಾನಕ್ಕೂ ಹೂವಿಗೂ ಇರುವ ಸಂಬಂಧವನ್ನು ಸ್ಥಾಪಿಸಿದ ಕೀರ್ತಿಗೆ ಭಾಜನರಾದರು.

ಈ ನಿಯಮಕ್ಕೆ ಮಣಿಯದ ಗಾಂಜಾವೂ ಇತ್ತು. ರಷ್ಯದ ಆಗ್ನೇಯ ಪ್ರಾಂತದ ಪಾಳುಭೂಮಿಯಲ್ಲಿ ತಾನಾಗಿ ಹುಟ್ಟುತ್ತಿದ್ದ, ಒಂದೆರಡು ಅಡಿಯನ್ನು ಮೀರುವುದೇ ಅಪರೂಪವಾದ ಕಳೆಯೊಂದನ್ನು ಯಾನಿಶೆವ್‌ಸ್ಕಿ ೧೯೨೪ರಲ್ಲಿ ಕ್ಯಾನಬಿಸ್ ರುಡೆರಾಲಿಸ್ ಎಂಬ ಪ್ರತ್ಯೇಕ ಜಾತಿಯೆಂದು ವರ್ಣಿಸಿದನು. ಬೇಸಗೆಯ ಹಗಲು ಬಹುದೀರ್ಘವಾಗಿದ್ದು ಹಿಮವು ಬೇಗನೆ ಬಂದೆರಗುವ ಉತ್ತರದ ನಾಡುಗಳಲ್ಲಿ, ಇರುಳು ನೀಳವಾಗಲೆಂದು ಕಾದು ಕುಳಿತ ಗಿಡ ಬೀಜ ಕಟ್ಟುವ ಮೊದಲೇ ಸಾಯುವುದರಿಂದ, ಹಗಲಿರುಳನ್ನು ಲೆಕ್ಕಿಸದೆ ವಯಸ್ಸಿಗೆ ಬಂದೊಡನೆ ಹೂಬಿಡುವ ಗಿಡವೇ ಉಳಿದುಕೊಳ್ಳುತ್ತದೆ. ಮದಗುಣ ತೀರ ಕಡಮೆಯಾದ ಈ ಕಳೆಯನ್ನು ಬಹುಕಾಲ ಯಾರೂ ಲಕ್ಷಿಸಲಿಲ್ಲ. ಬೇರೆ ತಳಿಯೊಡನೆ ಕೂಡಿಸಿದರೂ ಹಗಲಿರುಳನ್ನೆಣಿಸದೆ ಹೂಬಿಡುವ ಗುಣ ಮೊದಲ ಪೀಳಿಗೆಯಲ್ಲಿ ಅಡಗಿಹೋಗಿ, ಎರಡನೆಯದರಲ್ಲಿ ನಾಲ್ಕರಲ್ಲೊಂದು ಪಾಲಿನಷ್ಟು ಗಿಡಗಳಲ್ಲಿ ಮಾತ್ರ ಮರಳಿ ತೋರುತ್ತಿದ್ದುದರಿಂದ, ಪೀಳಿಗೆಯಿಂದ ಪೀಳಿಗೆಗೆ ಆಯ್ದು ಸ್ಥಿರಪಡಿಸುವ ತಾಳ್ಮೆ ಬೇಕಾಗಿತ್ತು. ೨೦೦೦ರ ದಶಕದ ಮೊದಲಲ್ಲಿ ಕೆನಡಾದ ತಳಿಗಾರನೊಬ್ಬ ‘ಲೋರೈಡರ್’ ಎಂಬ ಹೆಸರಿನಲ್ಲಿ ಮಾರಿದ ಬೀಜವು ಆ ತಾಳ್ಮೆಯ ಫಲ.

ಕ್ರಾಟ್ಕಿಯ ಬಕೆಟ್ಟಿಗೆ ಇಂಥ ಗಿಡ ಒಗ್ಗಿದುದು ಅದರ ಅಲ್ಪಾಯುಸ್ಸಿನಿಂದ. ಬೀಜದಿಂದ ಹೂವಿನವರೆಗೆ ಎರಡು ಮೂರು ತಿಂಗಳಲ್ಲಿ ಮುಗಿಯುವ ಜೀವಕ್ಕೆ ಅಳತೆಯ ನೀರಿಟ್ಟು ಸುಮ್ಮನಿರಬಹುದೆಂಬ ಎಣಿಕೆ. ನನಗೆ ಈ ದಾಂಪತ್ಯ ಪೂರ್ಣ ಅನುರೂಪವೆಂದು ತೋರದು. ಕ್ರಾಟ್ಕಿ ಲೆಕ್ಕ ಹಾಕಿದ್ದು ನಾಲ್ಕು ಲೀಟರಿನಲ್ಲಿ ಆಯುಸ್ಸನ್ನು ಮುಗಿಸುವ ಲೆಟ್ಯೂಸ್ ಸೊಪ್ಪಿಗೆ. ಹೂವೇರಿದ ಗಾಂಜಾ ಅದಕ್ಕಿಂತ ಬಹಳ ಹೆಚ್ಚು ಕುಡಿಯುವುದಾದ್ದರಿಂದ ನಡುವೆ ಅಷ್ಟಿಷ್ಟು ನೀರೆರೆಯದೆ ವಿಧಿಯಿಲ್ಲ.

ಭಾರತದಲ್ಲಿ ೧೯೮೫ರ ಮಾದಕವಸ್ತು ಕಾಯಿದೆಯು ಎಲೆಯನ್ನೂ ಬೀಜವನ್ನೂ ಗಾಂಜಾದ ವ್ಯಾಖ್ಯೆಯಿಂದ ಹೊರಗಿಟ್ಟಿದ್ದರೂ, ಸರ್ಕಾರದ ಅನುಮತಿಯಿಲ್ಲದೆ ಗಿಡ ಬೆಳೆಸುವುದನ್ನು ಅಪರಾಧವೆಂದೇ ಎಣಿಸುತ್ತದೆ. ಆದುದರಿಂದ ಹೂವಿನ ಕಥೆ ನಮಗೆ ಓದಿಗಷ್ಟೆ ಉಳಿಯುತ್ತದೆ. ನೀರಿನ ವಿದ್ಯೆಗೆ ಆ ಅಡ್ಡಿಯಿಲ್ಲ. ಷೋಲ್ಟೊ ಡಗ್ಲಸ್ ೧೯೪೦ರ ದಶಕದಲ್ಲೇ ಬಂಗಾಳದಲ್ಲಿ ಮಣ್ಣಿಲ್ಲದ ಬೇಸಾಯದ ಸುಲಭ ಕ್ರಮವೊಂದನ್ನು ರೂಪಿಸಿದ್ದನು. ಬೆಂಗಳೂರಿನ ತಾರಸಿಯ ಮೇಲೆ ಲೆಟ್ಯೂಸೋ ಪಾಲಕ್ಕೋ ಬೆಳೆಯುವವರು ಬಕೆಟ್ಟಿನ ಹೊರಮೈಗೆ ಬಿಳಿಯ ಬಣ್ಣ ಬಳಿದು ನೆರಳಿನಲ್ಲಿಡುವುದು ಲೇಸು. ಬಿಸಿಲಿಗೆ ಕಾದ ನೀರಿನಲ್ಲಿ ಆಮ್ಲಜನಕ ಕರಗುವುದು ಕಡಮೆ, ಬೆಳಕು ಒಳಹೊಕ್ಕರೆ ಪಾಚಿ ಕಟ್ಟುವುದೂ ಖಂಡಿತ.